ದಸರೆಗೆ ಮೈಸೂರಿನಲ್ಲಿ ತಂಗಲು ಹೋಟೆಲಿನ ಬದಲು ಮನೆಯೊಂದರ ಕೋಣೆ: ಹಿರಿಯರೊಂದಿಗೆ ಬರುವವರಿಗೆ ಆದೀತೇ?

ಧಾರವಾಡದ ಪ್ರವಾಸಿ:

ಎಲ್ಲರಿಗೂ ನಮಸ್ಕಾರ. ಈ ಸಲದ ನವರಾತ್ರಿಯ ಕೊನೆಯ ಕೆಲವು ದಿನಗಳನ್ನು ಮೈಸೂರಿನಲ್ಲಿ ಕಳೆಯಬೇಕೆಂದು ನಮ್ಮ ಮನೆಯಲ್ಲಿ ನಿಶ್ಚಯಿಸಿದ್ದೇವೆ. ನಾನು, ನನ್ನ ಪತಿ, ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳು ಮತ್ತು ಎಪ್ಪತ್ತು ದಾಟಿದ ನಮ್ಮ ಅತ್ತೆಯವರು ಬರುವವರಿದ್ದೇವೆ. ಅತ್ತೆಯವರಿಗೆ ಮೊಣಕಾಲು ನೋವಿರುವುದರಿಂದ ಮೆಟ್ಟಿಲು ಹತ್ತಿಳಿಯುವುದು ಕಷ್ಟ. ಸಕ್ಕರೆ ಕಾಯಿಲೆಯೂ ಇರುವುದರಿಂದ ಹೊತ್ತಿಗೆ ಸರಿಯಾಗಿ ಮೆತ್ತಗಿನ ಊಟ ಆಗಲೇಬೇಕು. ಆದರೂ ಜಂಬೂಸವಾರಿಯನ್ನು ಒಮ್ಮೆಯಾದರೂ ಮೈಸೂರಿನಲ್ಲೇ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಅದನ್ನು ಈ ವರ್ಷ ಈಡೇರಿಸಲೇಬೇಕೆಂದಿದ್ದೇವೆ.

ಅರಮನೆಯ ಸುತ್ತಮುತ್ತಲಿನ ಹೋಟೆಲುಗಳಲ್ಲಿ ವಿಚಾರಿಸಿದರೆ ಆ ದಿನಗಳಿಗೆ ಎರಡು ಕೋಣೆಗಳ ಬಾಡಿಗೆ ನಮ್ಮ ಅಂದಾಜನ್ನು ಮೀರುತ್ತಿದೆ. ಸರಸ್ವತಿಪುರಂ, ಗೋಕುಲಂ, ಕುವೆಂಪುನಗರ ಮೊದಲಾದ ಬಡಾವಣೆಗಳಲ್ಲಿ ಮನೆಯವರೇ ತಮ್ಮ ಒಂದೆರಡು ಕೋಣೆಗಳನ್ನು ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಾರೆಂದೂ, ಕೇಳಿದರೆ ಅಡುಗೆಮನೆಯ ಬಳಕೆಗೂ ಅವಕಾಶ ಮಾಡಿಕೊಡುತ್ತಾರೆಂದೂ ನಮ್ಮ ಪರಿಚಯದವರೊಬ್ಬರು ಹೇಳಿದರು. ಇದುವರೆಗೆ ನಾವು ಲಾಡ್ಜು, ಹೋಟೆಲುಗಳಲ್ಲಿ ಮಾತ್ರ ತಂಗಿದವರು. ಕಾಣದ ಊರಿನಲ್ಲಿ ಕಾಣದವರ ಮನೆಯನ್ನು ನಂಬಿ ಮುಂಗಡ ಕೊಡುವುದು ಸರಿಯೇ? ವಯಸ್ಸಾದವರಿಗೆ ಅಲ್ಲಿ ಅನುಕೂಲವಾದೀತೇ? ರಾತ್ರಿಯ ರೈಲಿನಲ್ಲಿ ಹೊರಟು ಬೆಳಿಗ್ಗೆಯೇ ಮೈಸೂರಿಗೆ ಬಂದಿಳಿಯುವ ನಮಗೆ ಅಷ್ಟು ಹೊತ್ತಿಗೆ ಮನೆಯವರು ಬಾಗಿಲು ತೆರೆದಾರೇ? ಮೈಸೂರಿನವರೂ ಹೀಗೆ ತಂಗಿ ಅನುಭವವಿರುವವರೂ ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಸರಸ್ವತಿಪುರಂ ನಿವಾಸಿ:

ನಮಸ್ಕಾರ ಮೇಡಂ. ನಾನೂ ನನ್ನ ಯಜಮಾನರೂ ನಮ್ಮ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಾ ಬಂದಿದ್ದೇವೆ. ಈ ದಸರೆಗೆ ನಮ್ಮಲ್ಲಿ ಈಗಾಗಲೇ ಬೇರೆಯವರಿಗೆ ಮಾತು ಕೊಟ್ಟಾಗಿದೆ, ಆದ್ದರಿಂದ ನನ್ನ ಮಾತಿನಲ್ಲಿ ವ್ಯಾಪಾರದ ಉದ್ದೇಶವಿಲ್ಲವೆಂದು ಮೊದಲೇ ತಿಳಿಸುತ್ತೇನೆ.

ಮನೆಯ ಕೋಣೆಯನ್ನು ಕಡಿಮೆ ಬಾಡಿಗೆಯ ಹೋಟೆಲೆಂದು ಭಾವಿಸಿ ಬರುವವರಿಗೆ ಸಾಮಾನ್ಯವಾಗಿ ಬೇಸರವಾಗುತ್ತದೆ. ಹೋಟೆಲಿನಲ್ಲಿ ಗಂಟೆ ಒತ್ತಿದರೆ ಆಳು ಬರುತ್ತಾನೆ; ಮನೆಯಲ್ಲಿ ಮನೆಯವರ ಏಳುವ ಹೊತ್ತು, ಮಲಗುವ ಹೊತ್ತು, ಪೂಜೆ, ನೀರಿನ ಸರದಿ, ಇವೆಲ್ಲದರೊಳಗೆ ನೀವೂ ಒಬ್ಬರಾಗಬೇಕಾಗುತ್ತದೆ. ಅದನ್ನು ಒಪ್ಪಿ ಬರುವವರಿಗೆ ಮನೆಯಷ್ಟು ನೆಮ್ಮದಿಯ ತಾಣ ಇನ್ನೊಂದಿಲ್ಲ. ವಿಶೇಷವಾಗಿ ಹಿರಿಯರಿಗೆ ಬಿಸಿಬಿಸಿ ಗಂಜಿಯನ್ನೋ ಮೆತ್ತಗಿನ ಅನ್ನವನ್ನೋ ಮಾಡಿಕೊಡಲು ಒಂದು ಒಲೆ ಕೈಗೆಟಕುವಂತಿದ್ದರೆ ಅರ್ಧ ಚಿಂತೆ ಕಳೆದಂತೆ. ನವರಾತ್ರಿಯಲ್ಲಿ ಬಂದರೆ ಹಲವು ಮನೆಗಳಲ್ಲಿ ಪಟ್ಟದ ಗೊಂಬೆಗಳನ್ನು ಕೂರಿಸಿರುತ್ತಾರೆ. ಸಂಜೆ ಆರತಿಗೆ ನಿಮ್ಮ ಅತ್ತೆಯವರನ್ನೂ ಮಗಳನ್ನೂ ಕರೆಯದೆ ಇರುವ ಮನೆಯಾಕೆ ನಮ್ಮ ಕಡೆ ಸಿಗುವುದು ಅಪರೂಪ. ಹೋಟೆಲಿನ ಕೋಣೆಯಲ್ಲಿ ಕುಳಿತವರಿಗೆ ಮೈಸೂರಿನ ದಸರೆಯ ಈ ಮುಖ ಕಾಣುವುದಿಲ್ಲವೆಂಬುದು ನನ್ನ ದೃಢವಾದ ಅನಿಸಿಕೆ.

ಈಗ ನಿಮ್ಮ ಅತ್ತೆಯವರ ವಿಷಯ. ಮೈಸೂರಿನ ಮನೆಗಳಲ್ಲಿ ಮಾಲೀಕರು ಕೆಳಗಿದ್ದುಕೊಂಡು ಹೊರಮೆಟ್ಟಿಲಿರುವ ಮೊದಲ ಮಹಡಿಯನ್ನು ಬಾಡಿಗೆಗೆ ಕೊಡುವುದೇ ಹೆಚ್ಚು. ಆ ಮೆಟ್ಟಿಲುಗಳು ಕಡಿದಾಗಿರುತ್ತವೆ, ಕೆಲವೆಡೆ ಒಂದೇ ಬದಿಗೆ ಹಿಡಿಯಲು ಕಂಬಿ, ಮಳೆ ಬಂದರೆ ಜಾರುತ್ತವೆ. ಫೋಟೋಗಳಲ್ಲಿ ಹಾಸಿಗೆಯೂ ಕಿಟಕಿಯೂ ಕಾಣುತ್ತವೆಯೇ ಹೊರತು ಮೆಟ್ಟಿಲು ಕಾಣುವುದಿಲ್ಲ. ಆದ್ದರಿಂದ ಕೋಣೆ ನೆಲಮಹಡಿಯಲ್ಲೇ ಇದೆಯೇ, ಗೇಟಿನಿಂದ ಹಾಸಿಗೆಯವರೆಗೆ ಎಷ್ಟು ಮೆಟ್ಟಿಲು, ಸ್ನಾನದ ಮನೆ ಕೋಣೆಗೆ ಹೊಂದಿಕೊಂಡಿದೆಯೇ, ಕಮೋಡ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ, ಮೆಟ್ಟಿಲಿನ ಮತ್ತು ಸ್ನಾನದ ಮನೆಯ ಫೋಟೋವನ್ನೇ ತರಿಸಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ. ಒಳ್ಳೆಯ ಮನೆಯವರು ಇಂಥ ಪ್ರಶ್ನೆಗೆ ಸಂತೋಷದಿಂದಲೇ ಉತ್ತರಿಸುತ್ತಾರೆ.

ನೀರಿನ ವಿಷಯವನ್ನೂ ಕೇಳಬೇಕು. ಇಲ್ಲಿನ ಹಲವು ಬಡಾವಣೆಗಳಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ; ಸಂಪು, ಓವರ್‌ಹೆಡ್ ಟ್ಯಾಂಕ್ ಇರುವ ಮನೆಯಲ್ಲಿ ಅದು ಅತಿಥಿಗಳ ಗಮನಕ್ಕೇ ಬರುವುದಿಲ್ಲ. ಬಿಸಿನೀರಿಗೆ ಬಹಳ ಮಂದಿ ಸೋಲಾರ್ ಅನ್ನು ನಂಬಿಕೊಂಡಿದ್ದಾರೆ. ದಸರೆ ಬರುವುದು ಮಳೆ ಇನ್ನೂ ಪೂರ್ತಿ ಬಿಡದ ದಿನಗಳಲ್ಲಾದ್ದರಿಂದ, ಎರಡು ದಿನ ಮೋಡ ಮುಚ್ಚಿದರೆ ಸೋಲಾರಿನಲ್ಲಿ ಬರುವುದು ಉಗುರುಬೆಚ್ಚಗಿನ ನೀರು ಮಾತ್ರ. ಜೊತೆಗೆ ಕರೆಂಟಿನ ಗೀಸರ್ ಇದೆಯೇ ಎಂದು ವಿಚಾರಿಸಿ. ಗ್ಯಾಸ್ ಗೀಸರ್ ಇದೆಯೆಂದರೆ ಅದನ್ನು ಸ್ನಾನದ ಮನೆಯ ಹೊರಗೆ ಅಳವಡಿಸಲಾಗಿದೆಯೇ ಎಂಬುದನ್ನು ಖಂಡಿತ ಕೇಳಬೇಕು. ಕಿಟಕಿ ಮುಚ್ಚಿದ ಸಣ್ಣ ಸ್ನಾನದ ಮನೆಯಲ್ಲಿ ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಸ್ನಾನ ಮಾಡುತ್ತಿರುವವರಿಗೆ ಅರಿವಾಗುವುದರೊಳಗೆ ಪ್ರಜ್ಞೆ ತಪ್ಪಿರುತ್ತದೆ. ನಮ್ಮ ರಾಜ್ಯದಲ್ಲಿ ಇದರಿಂದ ಜೀವಗಳೇ ಹೋಗಿವೆ. ಒಳಗೇ ಗ್ಯಾಸ್ ಗೀಸರ್ ಇರುವ ಮನೆಯನ್ನು, ಬಾಡಿಗೆ ಎಷ್ಟೇ ಕಡಿಮೆಯಿದ್ದರೂ, ಬಿಟ್ಟುಬಿಡಿ.

ಬೆಳಗಿನ ರೈಲಿನ ಬಗ್ಗೆ ಕೇಳಿದ್ದೀರಿ. ಹಿಂದಿನ ರಾತ್ರಿ ಕೋಣೆಯಲ್ಲಿ ಬೇರೆ ಅತಿಥಿಗಳಿದ್ದರೆ ಅವರು ಖಾಲಿ ಮಾಡಿ, ನಾವು ಹಾಸು ಹೊದಿಕೆ ಬದಲಿಸುವವರೆಗೆ ಕೋಣೆ ಕೊಡಲಾಗುವುದಿಲ್ಲ. ದಸರೆಯಲ್ಲಿ ಹಾಗಾಗುವ ಸಂಭವವೇ ಹೆಚ್ಚು. ಆದರೆ ನಮ್ಮಂಥವರು ಸಾಮಾನುಗಳನ್ನು ಹಜಾರದಲ್ಲಿ ಇಡಲು, ಹಿರಿಯರು ಮುಖ ತೊಳೆದು ಕಾಫಿ ಕುಡಿದು ಸ್ವಲ್ಪ ಒರಗಿಕೊಳ್ಳಲು ಬೇಡವೆನ್ನುವುದಿಲ್ಲ. ಇದನ್ನು ಬಂದಿಳಿದ ಮೇಲೆ ಕೇಳುವ ಬದಲು ಗೊತ್ತುಮಾಡುವಾಗಲೇ ಮಾತಾಡಿಕೊಳ್ಳಬೇಕು. ಹಾಗೆಯೇ ರಾತ್ರಿಯ ಮಾತು: ಅರಮನೆಯ ಸಂಗೀತ ಕಛೇರಿ, ದೀಪಾಲಂಕಾರ, ಕೊನೆಯ ದಿನ ಬನ್ನಿಮಂಟಪದ ಪಂಜಿನ ಕವಾಯತು, ಇವುಗಳನ್ನು ನೋಡಿಕೊಂಡು ಬರುವಾಗ ಬಹಳ ಹೊತ್ತಾಗುತ್ತದೆ. ಗೇಟಿಗೆ ಬೀಗ ಹಾಕುವ ಹೊತ್ತು ಯಾವುದು, ನಿಮಗೊಂದು ಬೀಗದ ಕೈ ಕೊಡುತ್ತಾರೆಯೇ ಎಂಬುದು ಇತ್ಯರ್ಥವಾಗಿರಲಿ.

ಮಂಡ್ಯದ ಓದುಗ:

ಮೇಲಿನ ಮಾತುಗಳಿಗೆ ಸ್ವಲ್ಪ ಸೇರಿಸುತ್ತೇನೆ. ಮನೆಯ ಕೋಣೆಯನ್ನು ಯಾತ್ರಿಕರಿಗೆ ಕೊಡುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಮೇಲುಕೋಟೆಯಲ್ಲಿ ವೈರಮುಡಿ ಉತ್ಸವಕ್ಕೆ ಬರುವವರಲ್ಲಿ ಛತ್ರದಲ್ಲಿ ಜಾಗ ಸಿಗದವರು ಊರಿನ ಮನೆಗಳಲ್ಲೇ ಇಳಿದುಕೊಳ್ಳುವ ವಾಡಿಕೆ ಇಂದಿಗೂ ಇದೆ. ಅಲ್ಲಿ ಪರಿಚಯದ ಮೇಲೆ ನಡೆಯುತ್ತಿದ್ದ ವ್ಯವಹಾರ ಈಗ ಮೊಬೈಲಿನ ಮೂಲಕ ಅಪರಿಚಿತರ ನಡುವೆ ನಡೆಯುತ್ತಿದೆ ಎಂಬುದಷ್ಟೇ ವ್ಯತ್ಯಾಸ. ಎಚ್ಚರ ಬೇಕಾಗಿರುವುದೂ ಅದಕ್ಕೇ.

ಮೈಸೂರಿನಲ್ಲಿ ಸಿಗದಿದ್ದರೆ ಶ್ರೀರಂಗಪಟ್ಟಣದ ಕಡೆಯೂ ಹುಡುಕಬಹುದು. ಮೈಸೂರಿನಿಂದ ಸುಮಾರು 15 ಕಿ.ಮೀ. ದೂರ, ರೈಲೂ ಬಸ್ಸೂ ಇವೆ. ರಾಜ ಒಡೆಯರು 1610ರಲ್ಲಿ ದಸರೆಯನ್ನು ಆರಂಭಿಸಿದ್ದು ಅಲ್ಲೇ. ಅಲ್ಲಿನ ದಸರೆ ಈಗಲೂ ಪ್ರತ್ಯೇಕವಾಗಿ ನಡೆಯುತ್ತದೆ, ಜನಜಂಗುಳಿಯೂ ಮೈಸೂರಿನಷ್ಟಿಲ್ಲ. ಆದರೆ ಒಂದು ತೊಡಕಿದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಆಟೋ ಮತ್ತು ಬೈಕುಗಳಿಗೆ ಪ್ರವೇಶವಿಲ್ಲ, ಅವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಸಂಜೆಯ ಕಾರ್ಯಕ್ರಮ ಮುಗಿಸಿ, ಹಿರಿಯರನ್ನು ಕರೆದುಕೊಂಡು, ನಡುರಾತ್ರಿ ಅಲ್ಲಿಗೆ ಹಿಂದಿರುಗುವುದು ಸ್ವಂತ ಕಾರಿಲ್ಲದವರಿಗೆ ಆಯಾಸದ ಕೆಲಸ. ರೈಲಿನಲ್ಲಿ ಬರುವ ನಿಮಗೆ ಇದನ್ನು ಮೊದಲ ಆಯ್ಕೆಯಾಗಿ ಹೇಳಲಾರೆ.

ತೆರಿಗೆ ಸಲಹೆಗಾರ, ಮೈಸೂರು:

ಹಣ ಮತ್ತು ಕಾಗದಪತ್ರಗಳ ಕಡೆಯಿಂದ ಉತ್ತರಿಸುತ್ತೇನೆ.

ಮನೆ, ಕೋಣೆಗಳನ್ನು ಗೊತ್ತುಮಾಡಿಕೊಡುವ ಏರ್‌ಬಿಎನ್‌ಬಿಯಂಥ ಜಾಲತಾಣದ ಮೂಲಕ ಗೊತ್ತುಮಾಡಿದರೆ ನೀವು ಕೊಟ್ಟ ಹಣ ಕೂಡಲೇ ಮನೆಯವರ ಕೈ ಸೇರುವುದಿಲ್ಲ. ನೀವು ಹೋಗಿ ಇಳಿದುಕೊಂಡ ಸುಮಾರು 24 ಗಂಟೆಗಳ ನಂತರ ತಾಣವು ಅದನ್ನು ಅವರಿಗೆ ಬಿಡುಗಡೆ ಮಾಡುತ್ತದೆ. ಫೋಟೋದಲ್ಲಿ ತೋರಿಸಿದ ಕೋಣೆ ಬೇರೆ, ಅಲ್ಲಿರುವುದು ಬೇರೆ ಎಂದಾದರೆ ಅಷ್ಟರೊಳಗೆ ದೂರು ಕೊಡಲು ಅವಕಾಶವಿರುತ್ತದೆ. ಅಲ್ಲಿನ ಅಭಿಪ್ರಾಯಗಳಿಗೂ ಒಂದು ಕ್ರಮವಿದೆ: ಅತಿಥಿಯೂ ಮನೆಯವರೂ ಇಬ್ಬರೂ ಬರೆದ ಮೇಲೆ, ಅಥವಾ 14 ದಿನಗಳು ಕಳೆದ ಮೇಲೆ ಮಾತ್ರ ಅವು ಪ್ರಕಟವಾಗುತ್ತವೆ. ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು ಸೇಡು ತೀರಿಸಿಕೊಳ್ಳದಿರಲೆಂದು ಈ ವ್ಯವಸ್ಥೆ. ಆದ್ದರಿಂದ ನಕ್ಷತ್ರಗಳ ಸರಾಸರಿಗಿಂತ ಬರಹವನ್ನು ಓದಿ, ಅದರಲ್ಲೂ ವಯಸ್ಸಾದವರನ್ನು ಕರೆತಂದವರ ಬರಹವನ್ನು ಹುಡುಕಿ ಓದಿ. ಮನೆಯ ಒಳಭಾಗದಲ್ಲಿ ಕ್ಯಾಮೆರಾ ಇಡುವುದನ್ನು ಆ ತಾಣವು 2024ರ ಏಪ್ರಿಲ್ 30ರಿಂದ ಜಗತ್ತಿನಾದ್ಯಂತ ನಿಷೇಧಿಸಿದೆ. ಗೇಟಿನ ಬಳಿಯ ಕ್ಯಾಮೆರಾ ಇರಬಹುದು, ಆದರೆ ಅದನ್ನು ಮೊದಲೇ ತಿಳಿಸಿರಬೇಕು. ನೀವು ಮಗಳೊಂದಿಗೆ ಬರುತ್ತಿರುವುದರಿಂದ ಇದನ್ನು ಹೇಳಿದೆ.

ನೇರವಾಗಿ ಫೋನಿನಲ್ಲಿ ಮಾತಾಡಿ ಗೊತ್ತುಮಾಡಿದರೆ ಬಾಡಿಗೆ ಸ್ವಲ್ಪ ಇಳಿಯಬಹುದು, ಆದರೆ ಈ ರಕ್ಷಣೆ ಇರುವುದಿಲ್ಲ. ಹಬ್ಬದ ದಿನಗಳಲ್ಲಿ ಇಲ್ಲದ ಮನೆಯ ಫೋಟೋ ಹಾಕಿ ಮುಂಗಡ ಎತ್ತುವವರಿದ್ದಾರೆ. ಪೂರ್ಣ ಹಣವನ್ನು ಮೊದಲೇ ಕೇಳುವವರನ್ನು, ವೀಡಿಯೊ ಕರೆಯಲ್ಲಿ ಮನೆ ತೋರಿಸಲು ಹಿಂಜರಿಯುವವರನ್ನು ನಂಬಬೇಡಿ. ಹಣ ಹಿಂದಿರುಗಿಸುತ್ತೇವೆ, ಯುಪಿಐ ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅದು ಮೋಸವೇ. ಹಣ ಪಡೆಯಲು ಪಿನ್ ಬೇಕಾಗಿಲ್ಲ. ಮೋಸವಾದದ್ದು ತಿಳಿದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ತಡಮಾಡಿದಷ್ಟೂ ಹಣ ಕೈತಪ್ಪುತ್ತದೆ. ಸೇವೆಯಲ್ಲಿನ ಕೊರತೆಯ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ತೆರಿಗೆಯ ವಿಷಯದಲ್ಲಿ ಜನರಿಗೆ ಗೊಂದಲವಿದೆ. ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೋಣೆಗೆ ಮೊದಲು 12% ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 5%ಕ್ಕೆ ಇಳಿದಿದೆ. ಅದಕ್ಕಿಂತ ಹೆಚ್ಚಿನ ಬಾಡಿಗೆಗೆ 18%. ವರ್ಷದ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ಮೀರದ ಮನೆಯವರು ನೋಂದಣಿ ಮಾಡಿಸಬೇಕಾಗಿಲ್ಲ, ಅಂಥವರು ನೇರವಾಗಿ ಕೊಟ್ಟ ಕೋಣೆಗೆ ತೆರಿಗೆ ಕೇಳುವಂತೆಯೂ ಇಲ್ಲ. ಅದೇ ಮನೆಯನ್ನು ತಾಣದ ಮೂಲಕ ಪಡೆದರೆ ತೆರಿಗೆ ಕಟ್ಟುವ ಹೊಣೆ ತಾಣದ್ದಾಗುವುದರಿಂದ ನಿಮ್ಮ ಬಿಲ್ಲಿನಲ್ಲಿ ಅದು ಕಾಣುತ್ತದೆ. ಹೋಟೆಲಿನ ಬಾಡಿಗೆಯೊಂದಿಗೆ ಹೋಲಿಸುವಾಗ ತೆರಿಗೆ, ಸೇವಾ ಶುಲ್ಕ, ಶುಚಿ ಶುಲ್ಕಗಳನ್ನೆಲ್ಲ ಸೇರಿಸಿದ ಕೊನೆಯ ಮೊತ್ತವನ್ನೇ ನೋಡಬೇಕು.

ಗುರುತಿನ ಚೀಟಿ ಕೇಳಿದರೆ ಬೇಸರಿಸಬೇಡಿ, ಕೇಳುವ ಮನೆಯೇ ಜವಾಬ್ದಾರಿಯುತವಾದದ್ದು. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಂಡು ಕೊಡಿ. ಇನ್ನೊಂದು ಮಾತು: ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ಮಾನ್ಯತೆಯ ನಿಯಮದಂತೆ ಮಾಲೀಕರು ಕುಟುಂಬದೊಂದಿಗೆ ಆ ಮನೆಯಲ್ಲೇ ವಾಸಿಸಬೇಕು, ಕೊಡುವ ಕೋಣೆಗಳು ಆರನ್ನು ಮೀರಬಾರದು. ಮಾನ್ಯತೆ ಪಡೆಯದ ಮನೆಗಳಲ್ಲಿಯೂ ಒಳ್ಳೆಯವಿವೆ. ಆದರೂ ಮನೆಯವರು ಅಲ್ಲೇ ಇರುತ್ತಾರೆಯೇ ಎಂಬ ಪ್ರಶ್ನೆಯನ್ನು ನಾನು ಎಲ್ಲಕ್ಕಿಂತ ಮೊದಲು ಕೇಳುತ್ತೇನೆ.

ಜಯಲಕ್ಷ್ಮೀಪುರಂ:

ನನ್ನದು ಭಿನ್ನ ಅಭಿಪ್ರಾಯ. ನಮ್ಮ ತಂದೆಯವರನ್ನು ಕರೆದುಕೊಂಡು ಎರಡೂ ಬಗೆಯ ಕಡೆ ತಂಗಿರುವ ಅನುಭವದಿಂದ ಹೇಳುವುದಾದರೆ, ಆರೋಗ್ಯ ಸರಿಯಿಲ್ಲದ ಹಿರಿಯರೊಂದಿಗೆ ಬರುವವರು ಲಿಫ್ಟ್ ಇರುವ, ರಾತ್ರಿಯಿಡೀ ಸ್ವಾಗತ ಕಟ್ಟೆಯಲ್ಲಿ ಜನರಿರುವ ಹೋಟೆಲನ್ನೇ ಹಿಡಿಯುವುದು ಲೇಸು. ನಡುರಾತ್ರಿ ಸಕ್ಕರೆ ಇಳಿದು ಅವರು ಬೆವರಿದರೆ ಮನೆಯವರನ್ನು ಎಬ್ಬಿಸಲು ನಮಗೆ ಸಂಕೋಚವಾಗುತ್ತದೆ. ಹೋಟೆಲಿನಲ್ಲಿ ಆ ಸಂಕೋಚವಿಲ್ಲ, ವಾಹನವೂ ಬೇಗ ಸಿಗುತ್ತದೆ. ಬಾಡಿಗೆಯ ಹೊರೆಯನ್ನು ತಗ್ಗಿಸಬೇಕೆಂದರೆ ಅರಮನೆಯ ಸುತ್ತಲೇ ಹುಡುಕದೆ ಸ್ವಲ್ಪ ದೂರದ ಬಡಾವಣೆಗಳ ಸಣ್ಣ ಹೋಟೆಲುಗಳನ್ನು ವಿಚಾರಿಸಿ, ನಾಲ್ವರಿಗೂ ಒಂದೇ ದೊಡ್ಡ ಕೋಣೆ ಕೊಡುವವರೂ ಇದ್ದಾರೆ.

ಧಾರವಾಡದ ಪ್ರವಾಸಿ:

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಋಣಿ. ನಿಮ್ಮ ಸಲಹೆಯಂತೆ ಮೂರು ಮನೆಯವರೊಂದಿಗೆ ಮಾತಾಡಿದೆ. ಗೋಕುಲಂನ ಮನೆ ಸ್ವಚ್ಛವಾಗಿದೆ, ಆದರೆ ಮಾಲೀಕರು ಬೆಂಗಳೂರಿನಲ್ಲಿದ್ದು ಒಬ್ಬರು ಬಂದು ಬೀಗದ ಕೈ ಕೊಟ್ಟು ಹೋಗುತ್ತಾರಂತೆ. ಕುವೆಂಪುನಗರದ ಮನೆ ನೆಲಮಹಡಿಯದು, ದಂಪತಿಗಳು ಅಲ್ಲೇ ಇದ್ದಾರೆ, ಗೀಸರ್ ಕರೆಂಟಿನದು, ಅಡುಗೆಗೂ ಒಪ್ಪಿದ್ದಾರೆ. ಮೂರನೆಯ ಮನೆಯವರು ಮಾತಿನ ಆರಂಭದಲ್ಲೇ ನಮ್ಮ ಜಾತಿ ಯಾವುದೆಂದು ಕೇಳಿದರು. ಉತ್ತರಿಸದೆ ಫೋನ್ ಇಟ್ಟೆ; ಮನಸ್ಸು ಕಹಿಯಾಗಿದೆ. ಮನೆಗಳಲ್ಲಿ ಇದು ಸಾಮಾನ್ಯವೇ? ಮತ್ತೆ, ವಿಜಯದಶಮಿಯ ದಿನ ಕುವೆಂಪುನಗರದಿಂದ ಅತ್ತೆಯವರನ್ನು ಮೆರವಣಿಗೆಯ ದಾರಿಗೆ ಕರೆತರುವುದು ಹೇಗೆ?

ಚಾಮುಂಡಿಪುರಂ ವಾಸಿ:

ನೀವು ಫೋನ್ ಇಟ್ಟದ್ದು ಸರಿಯಾಗಿದೆ. ಇದು ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಖಾಯಂ ಬಾಡಿಗೆಗೆ ಮನೆ ಹುಡುಕುವ ಎಷ್ಟೋ ಜನರು ಇದೇ ನೋವನ್ನು ನಮ್ಮ ಊರಿನಲ್ಲಿ ಅನುಭವಿಸುತ್ತಿದ್ದಾರೆ. ಮನೆಯೊಳಗೆ ಮಾಂಸಾಹಾರ ಬೇಯಿಸಬಾರದು, ಮದ್ಯ ತರಬಾರದು ಎಂದು ಎಲ್ಲ ಅತಿಥಿಗಳಿಗೂ ಸಮನಾಗಿ ಮೊದಲೇ ಬರೆದು ಹಾಕುವುದು ಒಂದು. ಬಂದವರ ಹುಟ್ಟನ್ನು ಕೇಳುವುದು ಇನ್ನೊಂದು. ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವು ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳ ಪ್ರವೇಶಕ್ಕೆ ಜಾತಿ, ಧರ್ಮಗಳ ಕಾರಣದಿಂದ ಯಾರನ್ನೂ ತಡೆಯಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಮನೆಯ ಬಾಗಿಲನ್ನು ಹಣಕ್ಕಾಗಿ ಊರಿಗೆಲ್ಲ ತೆರೆದವರು, ಅದು ತಮ್ಮ ಸ್ವಂತ ಮನೆಯೆಂಬ ಕಾರಣ ಮುಂದಿಟ್ಟು ಈ ಮರ್ಯಾದೆಯಿಂದ ನುಣುಚಿಕೊಳ್ಳುವುದನ್ನು ನಾನು ಒಪ್ಪಲಾರೆ. ತಾಣದ ಮೂಲಕ ಸಿಕ್ಕ ಮನೆಯಾದರೆ ಅಲ್ಲಿಯೇ ದೂರು ದಾಖಲಿಸಿ. ಅವರ ನಿಯಮಗಳಲ್ಲಿ ಈ ಭೇದಕ್ಕೆ ನಿಷೇಧವಿದೆ. ದಯವಿಟ್ಟು ಇದೊಂದು ಮಾತಿನಿಂದ ಊರಿನ ಬಗ್ಗೆ ಮನಸ್ಸು ಮುರಿದುಕೊಳ್ಳಬೇಡಿ.

ಸರಸ್ವತಿಪುರಂ ನಿವಾಸಿ:

ಮೇಡಂ, ಕುವೆಂಪುನಗರದ ಮನೆಯನ್ನೇ ಹಿಡಿಯಿರಿ ಎನ್ನುತ್ತೇನೆ. ಜಯಲಕ್ಷ್ಮೀಪುರಂನವರ ಆತಂಕ ನ್ಯಾಯವಾದದ್ದೇ, ಅದಕ್ಕಾಗಿಯೇ ಅತ್ತೆಯವರ ಕಾಯಿಲೆಯನ್ನು ಮುಚ್ಚಿಡದೆ ಆ ದಂಪತಿಗಳಿಗೆ ಮೊದಲೇ ಹೇಳಿ, ರಾತ್ರಿ ಅಗತ್ಯ ಬಿದ್ದರೆ ಎಬ್ಬಿಸಬಹುದೇ ಎಂದು ಕೇಳಿಬಿಡಿ. ಹತ್ತಿರದ ಆಸ್ಪತ್ರೆ ಯಾವುದೆಂದೂ ತಿಳಿದುಕೊಳ್ಳಿ. ಅವರು ಉತ್ತರಿಸುವ ಧಾಟಿಯಲ್ಲೇ ನಿಮಗೆ ಬೇಕಾದದ್ದು ತಿಳಿಯುತ್ತದೆ. ಬೀಗದ ಕೈ ಕೊಟ್ಟು ಹೋಗುವ ಮನೆ ಯುವಕರಿಗೆ ಸರಿ, ನಿಮಗೆ ಬೇಡ.

ವಿಜಯದಶಮಿಯ ದಿನ ಅರಮನೆಯಿಂದ ಕೆ.ಆರ್. ವೃತ್ತ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆ ವೃತ್ತ, ಬಂಬೂ ಬಜಾರ್, ಹೈವೇ ವೃತ್ತದ ಮೂಲಕ ಬನ್ನಿಮಂಟಪದವರೆಗೆ ಸುಮಾರು ಐದು ಕಿ.ಮೀ. ದಾರಿಯುದ್ದಕ್ಕೂ ವಾಹನ ಸಂಚಾರ ನಿಂತಿರುತ್ತದೆ, ಸುತ್ತಲಿನ ರಸ್ತೆಗಳೂ ಬಂದ್ ಆಗುತ್ತವೆ. ರಸ್ತೆಯ ಬದಿಯಲ್ಲಿ ಜಾಗ ಹಿಡಿಯಬೇಕೆಂದರೆ ಬೆಳಿಗ್ಗೆಯಿಂದಲೇ ಬಿಸಿಲಿನಲ್ಲಿ ಕೂರಬೇಕು, ಅದು ನಿಮ್ಮ ಅತ್ತೆಯವರಿಂದ ಆಗದ ಮಾತು. ಅರಮನೆಯ ಆವರಣದಲ್ಲಿ ಕುರ್ಚಿಯಿರುವ ಟಿಕೆಟ್ ಅಥವಾ ಪಾಸ್ ದೊರೆತರೆ ಅದಕ್ಕೇ ಹಣ ಹಾಕಿ, ಕೋಣೆಯಲ್ಲಿ ಉಳಿಸಿದ್ದನ್ನು ಇಲ್ಲಿ ಖರ್ಚು ಮಾಡುವುದು ಸಾರ್ಥಕ. ಆಟೋದವರೊಂದಿಗೆ ಹಿಂದಿನ ದಿನವೇ ಮಾತಾಡಿಕೊಂಡು, ರಸ್ತೆ ಮುಚ್ಚುವ ಮೊದಲೇ ಅರಮನೆಯ ಕಡೆಗೆ ಸಾಧ್ಯವಾದಷ್ಟು ಹತ್ತಿರ ಇಳಿಯಿರಿ. ನೀರು, ಮಾತ್ರೆ, ನಡುವೆ ತಿನ್ನಲು ಬಿಸ್ಕತ್ತು, ಕಡಲೆಬೀಜ ಚೀಲದಲ್ಲಿರಲಿ. ಮೆರವಣಿಗೆ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುವುದರಿಂದ ಅರ್ಧ ಗಂಟೆ ಕುಳಿತೇ ಇದ್ದು, ಜನ ಕರಗಿದ ಮೇಲೆ ಬನ್ನಿಮಂಟಪಕ್ಕೆ ವಿರುದ್ಧ ದಿಕ್ಕಿನ ಬಾಗಿಲಿನಿಂದ ಹೊರಬನ್ನಿ. ಅಗ್ರಹಾರದ ಕಡೆಗೆ ನಡೆದರೆ ಕುವೆಂಪುನಗರಕ್ಕೆ ಆಟೋ ಸಿಗುವುದು ಸುಲಭ. ಪಂಜಿನ ಕವಾಯತನ್ನು ನೀವೂ ಮಗಳೂ ನೋಡಬೇಕೆಂದಿದ್ದರೆ ಅತ್ತೆಯವರ ಜೊತೆ ನಿಮ್ಮ ಯಜಮಾನರು ಮನೆಗೆ ಹಿಂದಿರುಗಲಿ, ಆ ರಾತ್ರಿ ಗೇಟಿನ ಬೀಗದ ಕೈ ನಿಮ್ಮ ಬಳಿಯೇ ಇರಲಿ.